ಖುಷಿಗೆ ಮೀನು ಹಿಡಿಯುವವಳು

"ಖುಷಿಗೆ ಮೀನು ಹಿಡಿಯೋ ಮುಖಾನಾ ಇದು?"

ಗುಮಾಸ್ತ ದೋಣಿಯಕ್ಕನ ಫೋಟೋವನ್ನು ಸತ್ತ ಜಿರಲೆ ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಪಕ್ಕದ ಮೇಜಿನವನಿಗೆ ತೋರಿಸಿದ.

"ನೋಡಪ್ಪ ಇಲ್ಲಿ. ಈಯಮ್ಮನಿಗೆ ಹವ್ಯಾಸಿ ಲೈಸೆನ್ಸ್ ಬೇಕಂತೆ. ಮೀನು ಹಿಡಿಯೋದು ಇವಳಿಗೆ ಮನರಂಜನೆಯಂತೆ. ಮನೇಲಿ ಹೆಣ ಇಟ್ಕೊಂಡು ಬಂದೋಳ ಥರ ಫೋಟೋ ತೆಗೆಸಿದಾಳೆ."

ಪಕ್ಕದ ಮೇಜಿನವನು ನಕ್ಕ. ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದ, ಹೊಸ ಗಾಳದ ಕೋಲನ್ನು ಇನ್ನೂ ಚೀಲದಿಂದ ಬಿಚ್ಚಿರದ ಇಬ್ಬರು ಯುವಕರೂ ನಕ್ಕರು. ಅವರ ಅರ್ಜಿಗಳನ್ನು ಗುಮಾಸ್ತ ಅವಳ ತಲೆಯ ಮೇಲಿಂದಲೇ ಕೈ ಚಾಚಿ ಇಸಿದುಕೊಂಡು, ಠಪ್ ಠಪ್ ಎಂದು ಮೊಹರು ಒತ್ತಿ, "ಆರಾಮಾಗಿ ಹಿಡೀರಿ ಸಾರ್" ಎಂದು ವಾಪಸು ಕೊಟ್ಟ. ದೋಣಿಯಕ್ಕ ಕಚೇರಿ ಬಾಗಿಲು ತೆಗೆಯುವ ಮೊದಲೇ ಬಂದು ನಿಂತವಳು. ಅವನ ಲೆಕ್ಕದಲ್ಲಿ ಅವಳಿನ್ನೂ ಬಂದೇ ಇರಲಿಲ್ಲ.

ಹಿನ್ನೀರಿನ ದಂಡೆಯ ಮೇಲೆ ತಗಡಿನ ಮನೆಗಳ ಒಂದು ಸಾಲಿದೆ. ಆ ಸಾಲಿನಲ್ಲಿ ಹುಟ್ಟಿದವರಿಗೆ ಸರಿಯಾಗಿ ನಡೆಯಲು ಬರುವ ಮೊದಲು ಈಜು ಬರುತ್ತದೆ. ಅಣೆಕಟ್ಟಿನ ಹಿಂದೆ ನಿಂತ ನೀರು ಸರ್ಕಾರದ್ದು ಅನ್ನುವುದು ಅವರಿಗೂ ಗೊತ್ತಿತ್ತು. ಒಳಗಿನ ಮೀನೂ ಸರ್ಕಾರದ್ದೇ ಎಂದು ತಿಳಿದದ್ದು ಹೋದ ವರ್ಷ, ಮೀನುಗಾರಿಕೆ ಇಲಾಖೆ ಇಡೀ ಹಿನ್ನೀರನ್ನು ಒಬ್ಬ ಕಂಟ್ರಾಕ್ಟರಿಗೆ ಹರಾಜಿನಲ್ಲಿ ಕೊಟ್ಟ ಮೇಲೆ. ಬಲೆ ಬೀಸುವ ಹಕ್ಕು ಇನ್ನು ಅವನೊಬ್ಬನದು. ಸಾಲಿನವರ ಬಲೆಗಳನ್ನು ಗಾರ್ಡುಗಳು ದಂಡೆಯ ಮೇಲೆ ಗುಡ್ಡೆ ಹಾಕಿ ಸುಟ್ಟರು, ದೋಣಿಗಳನ್ನು ಎಳೆದುಕೊಂಡು ಹೋದರು. ಪ್ರವಾಸಿ ಬಂಗಲೆಯ ಎದುರಿನ ಒಂದಿಷ್ಟು ನೀರನ್ನು ಮಾತ್ರ ಹವ್ಯಾಸಿಗಳಿಗೆಂದು ಬಿಟ್ಟರು. ಲೈಸೆನ್ಸು ಇದ್ದವರು ಅಲ್ಲಿ ಒಂದು ಗಾಳ ಹಾಕಿ ಕೂತು, ದಿನಕ್ಕೆ ಎರಡು ಮೀನು ಮನೆಗೆ ಒಯ್ಯಬಹುದು.

ಸಾಲಿನವರಿಗೆ ಕದಿಯದೆ ಮೀನು ತಿನ್ನಲು ಉಳಿದಿದ್ದ ದಾರಿ ಅದೊಂದೇ. ಯಾರು ಮೊದಲು ಹೋಗಿ ಅರ್ಜಿ ಹಾಕುವುದು ಎಂದು ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಾಗ, ದೋಣಿಯಕ್ಕ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದಳು. ಅವಳಿಗೆ ಸಿಕ್ಕರೆ ಎಲ್ಲರಿಗೂ ಸಿಕ್ಕ ಹಾಗೆ. ಅವಳಿಗೆ ಸಿಗದಿದ್ದರೆ ಬೇರೆಯವರು ಚಪ್ಪಲಿ ಸವೆಸುವುದೂ ದಂಡ.

"ಹವ್ಯಾಸ ಅಂದ್ರೆ ಏನು, ಹೇಳು ನೋಡೋಣ," ಅಂದ ಗುಮಾಸ್ತ.

"ಹೊಟ್ಟೆ ತುಂಬಿದ ಮೇಲೆ ಮಾಡೋ ಕೆಲ್ಸ, ಸಾಮಿ."

ಗುಮಾಸ್ತನ ನಗು ಅಲ್ಲಿಗೆ ನಿಂತಿತು. ಒಂದು ಹಾಳೆಯನ್ನು ಅವಳ ಮುಂದೆ ದೂಕಿದ. "ಇದಕ್ಕೆ ಹೆಬ್ಬೆಟ್ಟು ಒತ್ತು. ಏನು ಬರೆದಿದೆ ಅಂತ ಓದ್ತೀನಿ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡ. ನಾನು ಮೀನನ್ನು ಕೇವಲ ಮನರಂಜನೆಗಾಗಿ ಹಿಡಿಯುತ್ತೇನೆ. ಇದು ನನ್ನ ಜೀವನೋಪಾಯವಲ್ಲ. ಮೀನು ಸಿಗದಿದ್ದರೆ ನನಗೆ ಯಾವ ತೊಂದರೆಯೂ ಆಗುವುದಿಲ್ಲ."

ಶಾಯಿಯ ಡಬ್ಬಿಗೆ ಬೆರಳು ಅದ್ದುವಾಗ ಅವಳಿಗೆ ನಾಚಿಕೆಯಾಯಿತು. ಗಂಡ ಬಲೆ ಬೀಸಿದ್ದು, ತಾನು ದೋಣಿಯ ಹುಟ್ಟು ಹಾಕಿದ್ದು, ತಾಯಿ ಇದೇ ನೀರಿನಲ್ಲಿ ನಿಂತು ಬೆನ್ನು ಬಗ್ಗಿಸಿದ್ದು ಎಲ್ಲ ಬರೀ ಆಟ ಅಂತ ಒತ್ತಿಕೊಟ್ಟ ಹಾಗಾಯಿತು. ಆದರೂ ಒತ್ತಿದಳು. ಒತ್ತದೆ ಏನು ಮಾಡುತ್ತಾಳೆ.

ಅಷ್ಟರಲ್ಲಿ ಒಳಕೋಣೆಯಿಂದ ಸಾಹೇಬ ಹೊರಗೆ ಬಂದ. ಇಡೀ ಹಿನ್ನೀರಿಗೆ ಅವನ ಸಹಿಯೇ ಕೊನೆಯದು. ಬಿಳೀ ಬೂಟು, ಕತ್ತಿನಲ್ಲಿ ಕಪ್ಪು ಕನ್ನಡಕ. ಅವಳ ಮುಖ ನೋಡದೆ ತೋಳುಗಳನ್ನು ನೋಡಿದ.

"ದೋಣಿ ನಡೆಸ್ತೀಯಾ?"

"ಹುಟ್ಟಿದಾಗಿಂದ ಅದೇ ಮಾಡಿರೋದು ಸಾಮಿ."

"ಭಾನುವಾರ ಬೆಳಗ್ಗೆ ಬಂಗಲೆ ಹತ್ರ ಬಾ. ನನ್ನ ಸ್ನೇಹಿತರೊಬ್ಬರು ಬರ್ತಿದಾರೆ, ಗಾಳ ಹಾಕೋಕೆ. ನೀನು ದೋಣಿ ನಡೆಸು. ನಿಯಮಗಳು ಗೊತ್ತಿದೆಯಾ ಅಂತ ಅಲ್ಲೇ ನೋಡ್ತೀನಿ. ಸರಿ ಇದ್ರೆ ಸಹಿ ಹಾಕಿಕೊಡ್ತೀನಿ." ಬಾಗಿಲ ತನಕ ಹೋದವನು ತಿರುಗಿದ. "ಮತ್ತೆ, ನಗ್ತಿರೋ ಫೋಟೋ ತಗೊಂಡು ಬಾ. ಪ್ರವಾಸಿಗಳು ನೋಡೋ ಪುಸ್ತಕದಲ್ಲಿ ಹಾಕ್ತೀವಿ, ಹೀಗೆಲ್ಲ ಇದ್ರೆ ಚೆನ್ನಾಗಿರಲ್ಲ."

ಭಾನುವಾರದ ಕೂಲಿಯ ಮಾತು ಅವನು ಎತ್ತಲಿಲ್ಲ, ಅವಳೂ ಕೇಳಲಿಲ್ಲ.

* * *

ಅವಳ ಮನೆಯಲ್ಲಿ ಮೀನಿನ ವಾಸನೆ ಹೋಗಿ ತಿಂಗಳುಗಳಾಗಿದ್ದವು. ಮೊದಲು ಬೆಕ್ಕು ಮನೆ ಬಿಟ್ಟಿತು. ಆಮೇಲೆ ಮಗ, ಕಂಟ್ರಾಕ್ಟರನ ಲಾರಿಯಲ್ಲಿ ಮೂಟೆ ಇಳಿಸುವ ಕೆಲಸಕ್ಕೆಂದು ಊರೂರು ತಿರುಗಲು ಹೋದ. ಗಂಡ ಕಂಟ್ರಾಕ್ಟರನದೇ ಐಸು ಗೋದಾಮಿಗೆ ಸೇರಿದ. ದಿನವಿಡೀ ಐಸಿನಲ್ಲಿ ಮೀನು ಮುಚ್ಚುವ ಕೆಲಸ. ತಾನು ಹಿಡಿಯಬೇಕಾಗಿದ್ದ ಮೀನನ್ನು ಇನ್ನೊಬ್ಬನ ಪೆಟ್ಟಿಗೆಗೆ ತುಂಬಿ ತುಂಬಿ ಅವನ ಬೆರಳುಗಳ ತುದಿ ಬಿಳಿಚಿಕೊಂಡು ಸೀಳಿದ್ದವು. ಸಂಜೆ ಬಂದು ಒಲೆಯ ಹತ್ತಿರ ಕೈ ಚಾಚಿ ಕೂತರೆ ಸೊಸೆ ಹಳೇ ಬಟ್ಟೆ ಬಿಸಿ ಮಾಡಿ ಸುತ್ತುತ್ತಿದ್ದಳು.

"ಒಂದು ಬಾಲಾನಾದ್ರೂ ಕೊಡಲ್ವಾ ಮಾವ, ಅವರು?" ಎಂದು ಸೊಸೆ ಒಮ್ಮೆ ಕೇಳಿದ್ದಳು.

"ಬಾಲಾನಾ? ಗೇಟಲ್ಲಿ ಆ ಬೋಳಿಮಗ ನಮ್ಮ ಚಡ್ಡಿ ಬಿಚ್ಚಿಸಿ ನೋಡ್ತಾನೆ. ಏನೋ ಅಲ್ಲಾಡ್ತಿದೆ ಕಣೋ, ಮೀನಾ ಅಂತ ಕೇಳ್ತಾನೆ. ಹಿಂದೆ ನಿಂತೋರೆಲ್ಲ ನಗ್ತಾರೆ. ನಾನೂ ನಗ್ತೀನಿ. ಏನ್ ಮಾಡ್ಲಿ."

ಆ ಶನಿವಾರ ಸಂಜೆ ಸೊಸೆ ಇಲಾಖೆಯ ಸಣ್ಣ ಪುಸ್ತಕ ಹಿಡಿದು ಅತ್ತೆಗೆ ಪಾಠ ಹೇಳಿಕೊಡುತ್ತಿದ್ದಳು. ಸಾಲಿನಲ್ಲಿ ಅಷ್ಟು ಸಣ್ಣ ಅಕ್ಷರ ಓದಬಲ್ಲವಳು ಅವಳೊಬ್ಬಳೇ. ಪಕ್ಕದ ಮನೆಯ ಹೆಂಗಸರೂ ಬಂದು ಬಾಗಿಲಲ್ಲಿ ಕೂತಿದ್ದರು. ಮುಂದೆ ಅವರೂ ಇದನ್ನೇ ಒಪ್ಪಿಸಬೇಕಲ್ಲ.

"ಗೇಣುದ್ದಕ್ಕಿಂತ ಸಣ್ಣ ಮೀನು ಸಿಕ್ಕಿದ್ರೆ?"

"ಬಿಡಬೇಕು," ಅಂದಳು ದೋಣಿಯಕ್ಕ.

"ಮೊಳಕ್ಕಿಂತ ಉದ್ದ ಇದ್ರೆ?"

"ಬಿಡಬೇಕು."

"ಹೊಟ್ಟೆ ತುಂಬಾ ಮೊಟ್ಟೆ ಇದ್ರೆ?"

"ಬಿಡಬೇಕು."

"ಎರಡು ಆದ ಮೇಲೆ ಮೂರನೇದು ಸಿಕ್ಕಿದ್ರೆ?"

"ಅದನ್ನೂ ಬಿಡಬೇಕು."

"ಎಲ್ಲಾ ಬಿಡೋದಾದ್ರೆ ಹಿಡಿಯೋದ್ಯಾಕಂತೆ, ಆ ಸೂಳೇಮಕ್ಕಳು?" ಗಂಡ ಒಲೆಯ ಕಡೆಯಿಂದಲೇ ಕೇಳಿದ.

"ಹಿಡಿಯೋದೇ ಖುಷಿ ಅಂತೆ ಮಾವ. ಗಾಳಕ್ಕೆ ಬಿದ್ದ ಮೇಲೆ ಎತ್ತಿ, ಫೋಟೋ ತೆಗೆದು, ಮತ್ತೆ ನೀರಿಗೆ ಬಿಡ್ತಾರಂತೆ. ಜೀವಂತ ಬಿಡಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ."

"ಬಾಯಿಗೆ ಕೊಕ್ಕೆ ಚುಚ್ಚಿ ಬಿಡ್ತಾರಾ? ತಿನ್ನಲ್ವಾ?"

"ತಿನ್ನಲ್ಲ."

ಗಂಡ ಒಲೆಯಿಂದ ಇತ್ತ ತಿರುಗಿದ. "ಅಂಗಡಿಯವನ ಕಪಾಳಕ್ಕೆ ಬಾರಿಸಿ, ಏನೂ ತಗೊಳ್ದೆ ಬಂದ ಹಾಗಾಯ್ತಲ್ಲ ಇದು."

ಬಾಗಿಲಲ್ಲಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ದೋಣಿಯಕ್ಕ ನಗಲಿಲ್ಲ. ನಗುವಿನ ಕೋಟಾ ಅವಳದು ಆಗಲೇ ಮುಗಿದಿತ್ತು. ಮಧ್ಯಾಹ್ನ ಫೋಟೋದಂಗಡಿಯಲ್ಲಿ "ನಗಮ್ಮ, ಹಲ್ಲು ತೋರಿಸಿದ್ರೆ ನಗು ಆಗಲ್ಲ" ಎಂದು ಅಂಗಡಿಯವನು ತಲೆ ಚಚ್ಚಿಕೊಂಡು, ಕೊನೆಗೆ ಅವನ ಹಿಂದೆ ಸೊಸೆ ನಿಂತು ಗುಮಾಸ್ತನ ಹಾಗೆ ಮೂತಿ ತಿರುವಿದ ಮೇಲೆ ಹೇಗೋ ಒಂದು ನಗು ಸಿಕ್ಕಿತ್ತು.

"ಬಸುರಿ ಮೀನು ನಾವೂ ಬಿಡ್ತಿದ್ವಲ್ಲ," ಅಂದಳು ಪಕ್ಕದ ಮನೆಯವಳು. "ನೀರಲ್ಲಿರುವಾಗ್ಲೇ ಬಲೆ ಸಡ್ಲ ಮಾಡಿ. ಅದಕ್ಕೆ ಪುಸ್ತಕ ಯಾಕೆ?"

"ಪುಸ್ತಕದಲ್ಲಿ ಇರೋದು ಹೇಳಿದ್ರೆ ಲೈಸೆನ್ಸು ಕೊಡ್ತಾರೆ ಅಂದ್ರೆ ಹೇಳೋದಪ್ಪ," ಅಂದಳು ದೋಣಿಯಕ್ಕ. "ನಾಳೆ ನಾನು ಬಾಯಿ ಬಿಡಲ್ಲ. ಅವರು ಏನಂದ್ರೂ ಹೂಂ ಸಾಮಿ, ಆಯ್ತು ಸಾಮಿ. ನಿಮಗೆಲ್ಲ ಆಗಬೇಕಲ್ವಾ."

* * *

ಬಂಗಲೆಯ ಮೆಟ್ಟಿಲಿಗೆ ಕಟ್ಟಿದ್ದ ದೋಣಿ ಅವಳದೇ. ಇಲಾಖೆಯವರು ಹಸಿರು ಬಣ್ಣ ಬಳಿದು, ಪಕ್ಕಕ್ಕೆ ಬಿಳೀ ಅಕ್ಷರದಲ್ಲಿ ಅಂಕಿ ಬರೆದಿದ್ದರು. ಒಳಗೆ ಫಿನಾಯಿಲ್ ಹಾಕಿ ತೊಳೆದಿದ್ದರು. ಆದರೆ ಅಡ್ಡಹಲಗೆಯ ಕೆಳಗೆ, ಅವಳು ಕೂರುವ ಜಾಗದ ಬಲಕ್ಕೆ, ಅವಳ ತಾಯಿ ಸಿಕ್ಕಿಸಿಟ್ಟಿದ್ದ ಗೇಣುದ್ದದ ಮರದ ಕೊರಡು ಹಾಗೇ ಇತ್ತು. ಅದಕ್ಕೂ ಹಸಿರು ಬಣ್ಣ ಹತ್ತಿತ್ತು. ಕೂತು, ಕಾಲು ನೀಡಿ, ಹುಟ್ಟು ಹಿಡಿದಾಗ ಮೈಗೆ ಎಲ್ಲ ಗುರುತು ಸಿಕ್ಕಿತು.

ಸಾಹೇಬ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಟ್ಟು ಬಂದ. ಅವನ ಸ್ನೇಹಿತ ಅಗಲವಾದ ಟೋಪಿಯವನು, ಯಾವುದೋ ದೊಡ್ಡ ಕಾರಖಾನೆಯ ಯಜಮಾನನಂತೆ. ಮೂರನೆಯವನು ಗಾರ್ಡು, ಈಜು ಬಾರದವನು. ಹತ್ತಿದಾಗಿನಿಂದ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದ. ಅವನ ಕಾಲ ಬಳಿ ಫಿನಾಯಿಲ್ ಬಾಟಲಿ.

"ಮೀನು ಎಲ್ಲಿದೆಯೋ ಅಲ್ಲಿಗೆ ಕರ್ಕೊಂಡು ಹೋಗು," ಅಂದ ಸಾಹೇಬ.

ಕರೆದುಕೊಂಡು ಹೋದಳು. ಮುಳುಗಿದ ಮರಗಳ ಬೊಡ್ಡೆಗಳಿರುವ ಕಡೆ, ನೀರು ತಣ್ಣಗಿರುವ ಆಳಕ್ಕೆ. ದಾರಿಯುದ್ದ ಸಾಹೇಬ ಅವಳಿಗೆ ಪ್ರಶ್ನೆ ಕೇಳಿದ, ಟೋಪಿಯವನಿಗೆ ತೋರಿಸಲೆಂದು.

"ಗೇಣುದ್ದಕ್ಕಿಂತ ಸಣ್ಣದಿದ್ದರೆ?"

"ಬಿಡಬೇಕು ಸಾಮಿ."

"ಮೊಟ್ಟೆ ಇದ್ದರೆ?"

"ಬಿಡಬೇಕು ಸಾಮಿ."

"ನೋಡಿದ್ರಾ?" ಸಾಹೇಬ ಸ್ನೇಹಿತನಿಗೆ ಅಂದ. "ಗಿಣಿಗೆ ಕಲಿಸಿದ ಹಾಗೆ ಕಲಿಸಬೇಕು. ಇಲ್ಲಾಂದ್ರೆ ಈ ಜನ ನೀರಲ್ಲಿ ಒಂದು ಕಪ್ಪೆ ಉಳಿಸಲ್ಲ."

"ಹೂಂ ಸಾಮಿ," ಅಂದಳು ಅವಳು. ಕೇಳಿದವರಿಗೆ ಒಪ್ಪಿಕೊಂಡ ಹಾಗೇ ಇತ್ತು.

ಬಿಸಿಲು ಏರುವ ಹೊತ್ತಿಗೆ ಟೋಪಿಯವನ ಕೋಲು ಬಿಲ್ಲಿನ ಹಾಗೆ ಬಾಗಿತು. ಅವನು ಎದ್ದು ನಿಂತ, ದೋಣಿ ಓಲಾಡಿತು, ಗಾರ್ಡು ದೇವರ ಹೆಸರೆಲ್ಲ ಹೇಳಿದ. ದಾರ ಬಿಡುವುದು, ಎಳೆಯುವುದು, ಬಿಡುವುದು. ಮೀನಿಗೆ ಸುಸ್ತಾಗಲಿ ಎಂದು ಸಾಹೇಬ ಕೂಗುತ್ತಿದ್ದ. ಕೊನೆಗೆ ಅದು ಪಕ್ಕಕ್ಕೆ ಬಂದಾಗ ನೋಡಿದರೆ ದೋಣಿಯಕ್ಕನ ಸೊಂಟದ ತನಕ ಬರುವಷ್ಟು ಉದ್ದ. ಹೊಟ್ಟೆ ಊದಿತ್ತು. ಇಂಥದ್ದು ಬಲೆಗೆ ಬಿದ್ದಿದ್ದರೆ ಅವಳ ಗಂಡ ಕೈಮುಗಿದು ನೀರಲ್ಲೇ ಬಿಟ್ಟುಬಿಡುತ್ತಿದ್ದ.

ಇವರು ಎತ್ತಿ ದೋಣಿಗೆ ಹಾಕಿದರು.

ಟೋಪಿಯವನು ಹಿಡಿದುಕೊಂಡ ಒಂದು ಫೋಟೋ. ಸಾಹೇಬ ಹಿಡಿದುಕೊಂಡ ಒಂದು. ಇಬ್ಬರೂ ಹಿಡಿದದ್ದು. ಸೂರ್ಯ ಹಿಂದಿದ್ದಾನೆ ಎಂದು ಆ ಕಡೆ ತಿರುಗಿ ಇನ್ನೊಂದು. ಗಾರ್ಡು ಒಂದು ಕೈಯಲ್ಲಿ ಅಂಚು, ಒಂದು ಕೈಯಲ್ಲಿ ಫೋನು ಹಿಡಿದು ತೆಗೆಯುತ್ತಿದ್ದ, ಕೈ ನಡುಗಿ ಎಲ್ಲವೂ ಮಸುಕು, ಮತ್ತೆ ತೆಗಿ ಎಂದು ಬೈಸಿಕೊಳ್ಳುತ್ತಿದ್ದ. ನಡುವೆ ಒಮ್ಮೆ ಮೀನು ಜಾರಿ ಬಿದ್ದು ಹಲಗೆಗೆ ಬಡಿದುಕೊಂಡಿತು. ಹೊಟ್ಟೆಯಿಂದ ಮೊಟ್ಟೆ ಸೋರಿ ಟೋಪಿಯವನ ಪ್ಯಾಂಟಿಗೆ ಹತ್ತಿತು. "ಛೀ," ಎಂದು ಒರೆಸಿಕೊಂಡು ಮತ್ತೆ ಎತ್ತಿದ. ಮೀನಿನ ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ, ಆಮೇಲೆ ತೆರೆದೇ ಉಳಿಯಿತು. ಕಿವಿರಿನ ಕೆಂಪು ಹೋಗಿ ಬೂದಿಯ ಬಣ್ಣ ಬಂತು.

"ಸಾಮಿ, ನೀರಿಗೆ ಬಿಡಿ ಸಾಮಿ," ಅಂದಳು ದೋಣಿಯಕ್ಕ. ಆ ದಿನ ಅವಳಾಗೇ ಬಾಯಿ ಬಿಟ್ಟದ್ದು ಅದೇ ಮೊದಲು.

"ತಾಳು. ಬಿಡೋದನ್ನ ವಿಡಿಯೋ ಮಾಡ್ಬೇಕು. ಅದೇ ಮುಖ್ಯ. ಇದನ್ನ ಹಿಡ್ಕೋ, ಇವರು ಟೋಪಿ ಸರಿ ಮಾಡ್ಕೊಳ್ಳಲಿ." ಸಾಹೇಬ ಮೀನನ್ನು ತಂದು ಅವಳ ಮಡಿಲಿಗೆ ಹಾಕಿದ.

ಮೀನಿನ ಮೈ ಒಮ್ಮೆ ನಡುಗಿತು. ಆ ನಡುಕ ಅವಳ ತೊಡೆಗೆ ತಿಳಿಯಿತು. ಕೈಗೆ ಬಂದ ಮೀನನ್ನು ನರಳಿಸಬಾರದು ಎಂದು ಅವಳ ತಾಯಿ ಕೆನ್ನೆಗೆ ಹೊಡೆದು ಕಲಿಸಿದ್ದಳು, ಅವಳು ಇನ್ನೂ ಹಲ್ಲು ಬೀಳದ ವಯಸ್ಸಿನಲ್ಲಿ. ಎಡಗೈ ಮೀನಿನ ಕಣ್ಣು ಮುಚ್ಚಿತು. ಬಲಗೈ ಹಲಗೆಯ ಕೆಳಗೆ ಹೋಯಿತು. ಲೈಸೆನ್ಸು, ಪುಸ್ತಕ, ಸಾಹೇಬ ಯಾವುದೂ ಆ ಗಳಿಗೆಯಲ್ಲಿ ಅವಳ ನೆನಪಿಗೆ ಬರಲೇ ಇಲ್ಲ. ಕೊರಡು ಎರಡು ಕಣ್ಣಿನ ನಡುವೆ ಟಕ್ ಎಂದು ಒಂದೇ ಸಲ ಬಿತ್ತು. ಮೀನು ಬಾಲ ಚಾಚಿ ಸುಮ್ಮನಾಯಿತು.

ಸುಮ್ಮನಾದ ಮೇಲೆ ಅವಳಿಗೆ ತಾನೇನು ಮಾಡಿದೆ ಎಂದು ತಿಳಿಯಿತು.

"ಕೊಂದ್ಬಿಟ್ಲು," ಅಂದ ಟೋಪಿಯವನು. "ನನ್ನ ಮೀನನ್ನ ಕೊಂದ್ಬಿಟ್ಲು ಇವಳು."

"ಏ ಲೌಡಿ," ಸಾಹೇಬನ ಬಾಯಿಂದ ಕಚೇರಿಯ ಭಾಷೆ ಉದುರಿಹೋಯಿತು. "ಬೆಳಗ್ಗಿಂದ ಏನೇ ಬೊಗಳ್ತಿದ್ದೆ, ಬಿಡಬೇಕು ಬಿಡಬೇಕು ಅಂತ? ಬಿಟ್ಟಿದ್ದು ಹೀಗಾ?"

"ಅದು ಆಗಲೇ ಹೋಗಿತ್ತು ಸಾಮಿ. ನೀರಿಗೆ ಹಾಕಿದ್ರೂ ಬದುಕ್ತಿರಲಿಲ್ಲ. ನರಳ್ತಾ ಇತ್ತು. ಅಭ್ಯಾಸ ಸಾಮಿ, ಕೈ ಹೋಗ್ಬಿಡ್ತು. ತಪ್ಪಾಯ್ತು."

"ಅಭ್ಯಾಸ. ನಿಮ್ಮ ಕುಲಕ್ಕೇ ಅಂಟಿದ ಅಭ್ಯಾಸ ಇದು. ಕೈಗೆ ಸಿಕ್ಕಿದ್ದನ್ನ ಬಡಿದು ಬಾಯಿಗೆ ಹಾಕ್ಕೊಳ್ಳೋದು. ನಿಮ್ಮಂಥೋರಿಗೆ ಲೈಸೆನ್ಸು ಕೊಡೋಕೆ ಹೊರಟಿದ್ನಲ್ಲ, ನನಗೆ ಬುದ್ಧಿ ಇಲ್ಲ."

ಅವಳು ಮೀನನ್ನು ಪಕ್ಕಕ್ಕೆ ಇಟ್ಟು ಸಾಹೇಬನ ಬೂಟು ಮುಟ್ಟಿದಳು. ಬಿಳೀ ಬೂಟಿನ ಮೇಲೆ ಅವಳ ಬೆರಳಿಗಂಟಿದ್ದ ಮೀನಿನ ರಕ್ತ ಹತ್ತಿತು. ಅವನು ಕಾಲು ಝಾಡಿಸಿದ, ಬೂಟಿನ ತುದಿ ಅವಳ ಗದ್ದಕ್ಕೆ ತಾಗಿತು. ಟೋಪಿಯವನು ಮುಖ ತಿರುಗಿಸಿಕೊಂಡು ನೀರು ನೋಡತೊಡಗಿದ.

"ಇವಳ ಅರ್ಜಿ ವಜಾ," ಸಾಹೇಬ ಗಾರ್ಡಿಗೆ ಹೇಳಿದ. "ಇವಳದಷ್ಟೇ ಅಲ್ಲ, ಆ ತಗಡಿನ ಸಾಲಿಂದ ಇನ್ನು ಒಂದು ಅರ್ಜಿಯೂ ತಗೋಬೇಡಿ. ಮೊಟ್ಟೆ ಇರೋ ಮೀನು ಕೊಂದಿದ್ದಕ್ಕೆ ಕೇಸು ಬರಿ. ಮೀನು ಜಪ್ತಿ. ಫಿನಾಯಿಲ್ ಸುರಿ ಅದರ ಮೇಲೆ. ಇಲ್ಲಾಂದ್ರೆ ಎಸೆದ ಜಾಗದಿಂದ ಎತ್ಕೊಂಡು ಹೋಗಿ ತಿಂತಾರೆ ಇವರು."

ಜಪ್ತಿಯಾದ ಮೀನಿಗೆ ಫಿನಾಯಿಲ್ ಸುರಿಯುವುದು ಇಲಾಖೆಯ ಪದ್ಧತಿ. ಗಾರ್ಡು ಬಾಟಲಿಯ ಮುಚ್ಚಳ ತಿರುಗಿಸಿದ. ವಾಸನೆ ಮೂಗಿಗೆ ಬಡಿಯಿತು.

ಅಲ್ಲಿಯವರೆಗೆ ದೋಣಿಯಕ್ಕ ಹೆದರಿದ್ದಳು. ಅಳು ಬರುವಷ್ಟು ಹೆದರಿದ್ದಳು. ಬಾಗಿಲಲ್ಲಿ ಕೂತು ಬಿಡಬೇಕು ಬಿಡಬೇಕು ಎಂದು ಬಾಯಿಪಾಠ ಮಾಡಿದ ಹೆಂಗಸರಿಗೆ ಯಾವ ಮುಖ ತೋರಿಸಲಿ ಎನ್ನುವುದೇ ತಲೆಯಲ್ಲಿತ್ತು. ಆ ವಾಸನೆ ಬಂದದ್ದೇ ಹೆದರಿಕೆ ಎತ್ತಲೋ ಹೋಯಿತು. ಇಷ್ಟು ದೊಡ್ಡ ಜೀವವನ್ನು ಆಟಕ್ಕೆ ಎಳೆದು, ಆಟಕ್ಕೆ ಸಾಯಿಸಿ, ಈಗ ವಿಷ ಹಾಕುತ್ತಾರೆ. ಅವಳಿಗೆ ಸಿಟ್ಟು ಬಂತು.

ಅವಳು ಗಾರ್ಡಿನ ಕೈಯಿಂದ ಬಾಟಲಿ ಕಿತ್ತು ನೀರಿಗೆ ಹಾಕದೆ, ಮುಚ್ಚಳ ಭದ್ರ ಮಾಡಿ ತನ್ನ ಕಾಲ ಕೆಳಗೆ ಇಟ್ಟುಕೊಂಡಳು. ಅಷ್ಟು ಹೊತ್ತಿನಲ್ಲೂ ನೀರು ಕೆಡಿಸಲು ಮನಸ್ಸು ಬರಲಿಲ್ಲ. ಎರಡೂ ಹುಟ್ಟುಗಳನ್ನು ಒಳಗೆ ಎಳೆದಳು. ಸೊಂಟದಲ್ಲಿದ್ದ ಬಾಗಿದ ಚೂರಿ ತೆಗೆದು, ಮೀನನ್ನು ಅಡ್ಡಹಲಗೆಯ ಮೇಲೆ ಮಲಗಿಸಿ, ಬಾಲದಿಂದ ತಲೆಯ ಕಡೆಗೆ ಹುರುಪೆ ಹೆರೆಯತೊಡಗಿದಳು. ದೊಡ್ಡ ಮೀನಿನ ಹುರುಪೆ, ಒಂದೊಂದೂ ಹೆಬ್ಬೆರಳ ಉಗುರಷ್ಟು. ಹಾರಿ ಸಾಹೇಬನ ಕಿತ್ತಳೆ ಅಂಗಿಗೆ, ಟೋಪಿಗೆ, ಗಾರ್ಡಿನ ಮೀಸೆಗೆ ಅಂಟಿದವು.

"ಏ, ಏನ್ ಮಾಡ್ತಿದೀಯ? ದೋಣಿ ನಡೆಸು."

"ಮೀನು ಬಿಡಿಸ್ತಿದೀನಿ ಸಾಮಿ."

"ಗಾರ್ಡ್, ಆ ಚೂರಿ ಕಿತ್ಕೊ."

ಗಾರ್ಡು ಅರ್ಧ ಎದ್ದ. ದೋಣಿ ಓಲಿತು. ಅರ್ಧದಲ್ಲೇ ಕೂತ. "ಸಾರ್, ಇಲ್ಲಿ ಆಳ ಜಾಸ್ತಿ ಸಾರ್," ಅಂದ ಮೆಲ್ಲಗೆ.

ಅವಳು ಹೊಟ್ಟೆ ಸೀಳಿದಳು. ಮೊಟ್ಟೆಯ ಎರಡು ಗಡ್ಡೆಗಳನ್ನು ಒಡೆಯದ ಹಾಗೆ ತೆಗೆದು ಸೆರಗಿನ ಒದ್ದೆ ತುದಿಯಲ್ಲಿ ಕಟ್ಟಿಟ್ಟಳು. ಕರುಳನ್ನು ನೀರಿಗೆ ಹಾಕಿದಳು, ಸಣ್ಣ ಮೀನುಗಳು ಮುತ್ತಿದವು. ಮೈಯನ್ನು ತುಂಡು ಹಾಕಿದಳು. ಮನೆಯಲ್ಲಿ ಕೂತು ಮಾಡುವಷ್ಟೇ ನಿಧಾನ, ಅಷ್ಟೇ ಅಚ್ಚುಕಟ್ಟು.

"ದೋಣೀಲಿ ಇದ್ದೋರಿಗೆಲ್ಲ ಪಾಲು," ಅಂದಳು. "ನಮ್ಮಲ್ಲಿ ಹಾಗೆ. ಗಾಳ ಹಾಕಿದ್ದು ಇವರು, ಎತ್ತಿದ್ದು ನೀವು, ನೋಡ್ತಾ ಇದ್ದಿದ್ದು ಗಾರ್ಡಪ್ಪ, ಕೊಂದಿದ್ದು ನಾನು. ಕೇಸು ಬರೆಯೋದಾದ್ರೆ ನಾಲ್ಕೂ ಜನರ ಹೆಸರು ಬರೀರಿ."

ಒಂದು ತುಂಡನ್ನು ಟೋಪಿಯವನ ಪಕ್ಕ ಇಟ್ಟಳು. ಒಂದನ್ನು ಗಾರ್ಡಿನ ಮುಂದೆ. ಬೆನ್ನಿನ ಕಡೆಯ ದಪ್ಪ ತುಂಡನ್ನು ಸಾಹೇಬನ ತೊಡೆಯ ಮೇಲೆ ಇಟ್ಟಳು. ಅವನು ಎರಡೂ ಕೈ ಮೇಲೆತ್ತಿಕೊಂಡು ಕೂತ. ಮುಟ್ಟಿ ತೆಗೆದು ಹಾಕಲೂ ಅಸಹ್ಯ, ಎದ್ದು ಬೀಳಿಸಲು ದೋಣಿಯ ಭಯ. ರಕ್ತ ಪ್ಯಾಂಟಿಗೆ ಇಳಿಯುತ್ತಿತ್ತು.

ಅವಳು ಕೈ ತೊಳೆದು ಹುಟ್ಟು ಹಿಡಿದಳು. ಬಂಗಲೆಯ ಕಡೆಗಿದ್ದ ದೋಣಿಯ ಮೂತಿ ನಿಧಾನವಾಗಿ ತಿರುಗಿ ತಗಡಿನ ಸಾಲಿನ ಕಡೆಗೆ ನಿಂತಿತು. ಅಷ್ಟು ದೂರದಿಂದಲೂ ಕಾಣುತ್ತಿತ್ತು, ದೋಣಿ ನಡುನೀರಲ್ಲಿ ನಿಂತಾಗಿನಿಂದ ಹೆಂಗಸರು ದಂಡೆಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು.

"ಅಲ್ಲಿಗೆ ಬೇಡ," ಅಂದ ಸಾಹೇಬ. ದನಿ ಇಳಿದಿತ್ತು. "ನೋಡು, ಆಗಿದ್ದು ಆಯ್ತು. ಸಿಟ್ಟಲ್ಲಿ ಏನೋ ಅಂದೆ. ಈ ತುಂಡುಗಳನ್ನೆಲ್ಲ ನೀರಿಗೆ ಹಾಕು, ಬಂಗಲೆ ಕಡೆ ತಿರುಗಿಸು. ನಾಳೆ ಬಾ, ನಿನ್ನ ಲೈಸೆನ್ಸಿಗೆ ನಾನೇ ಸಹಿ ಹಾಕಿಕೊಡ್ತೀನಿ. ನಿನ್ನ ಗಂಡನಿಗೂ. ಮನೆಯವರಿಗೆಲ್ಲ. ಸಾಲಿನವರ ಸುದ್ದಿ ಮಾತ್ರ ಎತ್ತಬೇಡ."

ಹುಟ್ಟು ನಿಂತಿತು. ಸುಳ್ಳೇಕೆ, ಅವಳಿಗೆ ಆಸೆಯಾಯಿತು. ಗಂಡ ಐಸಿನ ಕೆಲಸಕ್ಕೆ ಉಗಿದು ಬಂದು ಬಂಗಲೆಯ ಮುಂದೆ ಗಾಳ ಹಾಕಿ ಕೂರುವುದು, ಮಗ ಮನೆಗೆ ವಾಪಸು ಬರುವುದು, ಒಲೆಯ ಮೇಲೆ ಮೀನು ಬೇಯುವುದು, ಎಲ್ಲ ಕಣ್ಣ ಮುಂದೆ ಬಂತು. ಬಾಯಲ್ಲಿ ನೀರೂರಿತು. ಆಮೇಲೆ ಅದರ ಪಕ್ಕದಲ್ಲೇ, ಗೋಡೆಯಾಚೆ ಖಾಲಿ ಗಡಿಗೆ ಇಟ್ಟುಕೊಂಡು ಆ ವಾಸನೆ ಕುಡಿಯುತ್ತ ಕೂತ ಪಕ್ಕದ ಮನೆಯವಳೂ ಕಂಡಳು. ನೀರು ನುಂಗಿಕೊಂಡಳು.

"ಇದು ನಿಮ್ಮ ಖುಷಿಗೆ ಸತ್ತ ಮೀನು ಸಾಮಿ. ನಮ್ಮ ಹೊಟ್ಟೆಗಾದ್ರೂ ಬರ್ಲಿ," ಅಂದಳು. "ಕಚೇರೀಲಿ ನಾನು ಸುಳ್ಳಿಗೆ ಹೆಬ್ಬೆಟ್ಟು ಒತ್ತಿದೀನಿ. ಖುಷಿಗಂತೆ. ನಾನು ಹೊಟ್ಟೆಗೆ ಹಿಡಿಯೋಳು. ನಮ್ಮವ್ವನೂ ಹೊಟ್ಟೆಗೇ ಹಿಡಿದಿದ್ದು. ನಾಳೆಯಿಂದ ನಮ್ಮ ಸಾಲಿನೋರು ಅಷ್ಟೂ ಜನ ಹೊಟ್ಟೆಗೇ ಹಿಡೀತೀವಿ. ಏನ್ ಬರ್ಕೋತೀರೋ ಬರ್ಕೊಳ್ಳಿ."

ಸಾಹೇಬ ಗಾರ್ಡಿನ ಕೈಯಿಂದ ಫೋನು ಕಿತ್ತುಕೊಂಡ. ಜೀಪು, ಪೊಲೀಸು, ತಕ್ಷಣ ಎಂದೆಲ್ಲ ಕೂಗುತ್ತಿದ್ದ. ಅವಳು ಹುಟ್ಟು ಹಾಕಿದಳು. ತೊಡೆಯ ಮೇಲಿನ ತುಂಡು ಇನ್ನೂ ಅಲ್ಲೇ ಇತ್ತು.

ಬಂಗಲೆಯ ಕಡೆಯಿಂದ ಜೀಪೊಂದು ದಂಡೆಯ ರಸ್ತೆಯಲ್ಲಿ ಧೂಳೆಬ್ಬಿಸುತ್ತ ಹೊರಟಿತು. ದೋಣಿ ಎಷ್ಟು ಬೇಗ ಹೋದರೂ ದೋಣಿಯೇ. ಜೀಪು ಮೊದಲು ತಲುಪಿತು. ಲಾಠಿ ಹಿಡಿದವರು ಇಳಿದು ಬಂದು ನೀರಿನ ಅಂಚಿಗೆ ನಿಂತರು.

ಸಾಲಿನ ಹೆಂಗಸರು ಅವರ ಕಡೆ ತಿರುಗಿ ನೋಡಿದರು. ಆಮೇಲೆ ದೋಣಿಯ ಕಡೆ ನೋಡಿದರು. ಹಲಗೆಯ ಮೇಲಿನ ತುಂಡುಗಳು ಕಣ್ಣಿಗೆ ಬಿದ್ದಾಗಲೇ ತಂದಿಟ್ಟುಕೊಂಡಿದ್ದ ಪಾತ್ರೆಯನ್ನು ತಲೆಯ ಮೇಲೆ ಎತ್ತಿಕೊಂಡು ಸೊಸೆ ಮೊದಲು ನೀರಿಗಿಳಿದಳು. ಹಿಂದೆ ಪಕ್ಕದ ಮನೆಯವಳು, ಅವಳ ಹಿಂದೆ ಉಳಿದವರು, ಮೊಣಕಾಲ ತನಕ, ಸೊಂಟದ ತನಕ, ಎದೆಯ ತನಕ. ಬೂಟು ಹಾಕಿದವರು ಸೀಟಿ ಊದುತ್ತ ದಂಡೆಯ ಮೇಲೇ ಉಳಿದರು.

ದೋಣಿಯಕ್ಕ ಹುಟ್ಟು ಎತ್ತಿಟ್ಟು, ಬಗ್ಗಿ, ಎದುರಿಗೆ ಬಂದ ಪಾತ್ರೆಗೆ ಮೊದಲ ತುಂಡು ಹಾಕಿದಳು.